ಜಗತ್ತಿನ ಒಂದೇ ಒಂದು ಬಸವನಹುಳು

“ಬಲಗಾಲೋ, ಬಲಗಾಲು!”

ಕಾಶೀಬಾಯಿ ಅಡುಗೆಮನೆಯಿಂದ ಕೂಗಿದ್ದು ಅಷ್ಟೇ. ಹೊಸ್ತಿಲಾಚೆ ಎಡಗಾಲು ಎತ್ತಿದ್ದ ವಿಜಯೀಂದ್ರ, ಐವತ್ತೊಂಬತ್ತು ವರ್ಷದ ರೂಢಿಯಂತೆ ತಾಯಿಯ ಮಾತು ಮೀರಲಾಗದೆ, ಎತ್ತಿದ ಕಾಲನ್ನು ಅಲ್ಲೇ ಬದಲಿಸಲು ಹೋದ. ಬಾಗಿಲು ಹಿಡಿದು ತಾನೇನೋ ಉಳಿದುಕೊಂಡ. ಕೈಯಲ್ಲಿದ್ದ ಗಾಜಿನ ಸೀಸೆ ಉಳಿಯಲಿಲ್ಲ. ಮೆಟ್ಟಿಲ ಕಲ್ಲಿಗೆ ಬಡಿದು ಒಡೆಯಿತು. ಅದರೊಳಗಿದ್ದದ್ದು ಅಂಗಳದ ರಂಗೋಲಿಯ ಮೇಲೆ ಬಿತ್ತು.

ಅದರೊಳಗಿದ್ದದ್ದು ಜಗತ್ತಿನಲ್ಲಿ ಒಂದೇ ಒಂದಿದ್ದ ಬಸವನಹುಳು.

ಹುಳು ಅಂದರೆ ಅದರ ಚಿಪ್ಪು. ಗಸಗಸೆ ಕಾಳಿಗಿಂತ ಸಣ್ಣದು, ಹಾಲಿನಂತೆ ಬಿಳಿ. ರಂಗೋಲಿಯೂ ಬಿಳಿ. ಮಗನ ಹುಳು ಊರು ಬಿಡುವ ದಿನವೆಂದು ಕಾಶೀಬಾಯಿ ಬೆಳಗ್ಗೆ ಎದ್ದು ಅಂಗಳದ ತುಂಬ ದೊಡ್ಡದೊಂದು ಬಸವನಹುಳುವನ್ನೇ ಬಿಡಿಸಿದ್ದಳು.

“ಹೆಸರಿಡೂಕಿಂತ ಮೊದಲ ವಂಶ ಮುಗೀತಲ್ರಿ ಸರ್,” ಎಂದ ಶಂಭುಲಿಂಗ. ವಿಜಯೀಂದ್ರನ ಕಾಲೇಜಿನಲ್ಲೇ ಪ್ರಾಣಿಶಾಸ್ತ್ರ ಕಲಿಸುವವನು. ಹುಬ್ಬಳ್ಳಿ ಸ್ಟೇಷನ್ನಿಗೆ ಬಿಡಲು ಕಾರು ತಂದಿದ್ದ. ಅದು ಹುಳುವಲ್ಲ, ಉಸುಕಿನ ಕಾಳು ಎಂದು ಎರಡು ವರ್ಷ ಸ್ಟಾಫ್ ರೂಮಿನಲ್ಲಿ ಆಡಿಕೊಂಡವನೂ ಅವನೇ.

ವಿಜಯೀಂದ್ರ ಮೂವತ್ತು ವರ್ಷ ಪಾಠ ಹೇಳಿದ್ದ. ಸಿಕ್ಕ ಗವಿಗಳನ್ನೆಲ್ಲ ಹೊಕ್ಕು ಬಂದಿದ್ದ. ಹೊಸದೊಂದು ಇರುವೆಯೂ ಸಿಕ್ಕಿರಲಿಲ್ಲ. ಎರಡು ವರ್ಷದ ಹಿಂದೆ ಖಾನಾಪುರದ ಕಾಡಿನ ಗವಿಯಿಂದ ಬಂದವನು, ಗವಿಯ ಮಣ್ಣು ಒಳಗೆ ತರಬಾರದೆಂಬ ತಾಯಿಯ ಕಟ್ಟಳೆಯಂತೆ ಮೆಟ್ಟಿಲ ಮೇಲೆ ಕೂತು ಪ್ಯಾಂಟಿನ ಮಡಿಕೆ ಬಿಚ್ಚಿ ಪೇಪರಿನ ಮೇಲೆ ಕೊಡವಿದ್ದ. ಭೂತಗನ್ನಡಿ ಹಿಡಿದರೆ, ಇದು! “ಏಳೋ, ರಂಗೋಲಿ ಮ್ಯಾಲ ಕೂತೀಯಲ್ಲೋ!” ಎಂದು ಅವ್ವ ಬೈಯುತ್ತಿದ್ದಳು, ಮಗ ಸಂತೋಷಕ್ಕೆ ಅಳುತ್ತಿದ್ದ.

ಹನ್ನೊಂದು ಪುಟದ ಪ್ರಬಂಧ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದ. ಚಿಪ್ಪಿಗೆ ಮೂರೂವರೆ ಸುತ್ತು, ಬಾಯಲ್ಲಿ ಒಂದೇ ಹಲ್ಲು. ಇಂಥದ್ದನ್ನು ಯಾರೂ ಕಂಡಿಲ್ಲ. ಇನ್ನೊಂದನ್ನು ತೋರಿಸಿ ಎಂದರು ಪತ್ರಿಕೆಯವರು. ಅದೇ ಗವಿಗೆ ಹದಿನಾಲ್ಕು ಸಲ ತೆವಳಿದ. ಮಂಡಿ ಎರಡೂ ಹೋದವು, ಸಿಕ್ಕಿದ್ದು ಬಾವಲಿ ಮಾತ್ರ. ಕೊನೆಗೆ ‘ಆ ಗವಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ’ ಎಂದು ಬರೆದು ಕಳಿಸಿದ. ಒಪ್ಪಿದರು. ಒಂದೇ ಷರತ್ತು: ಚಿಪ್ಪು ಈ ವಾರ ಕಲ್ಕತ್ತೆಯ ಸಂಗ್ರಹಾಲಯ ಸೇರಬೇಕು. ಚಿಪ್ಪಿಲ್ಲದಿದ್ದರೆ ಹೆಸರಿಲ್ಲ. ಇಡಬೇಕೆಂದಿದ್ದದ್ದು ಅವ್ವನ ಹೆಸರು. ಮುಂದಿನ ತಿಂಗಳು ಅವನು ನಿವೃತ್ತ.

ಈ ಗವಿಗಳ ಗುಂಗಿನಲ್ಲಿ ಮೊದಲಿನಿಂದಲೂ ಮನೆಯ ಕಡೆ ಲಕ್ಷ್ಯವಿರಲಿಲ್ಲ ಎನ್ನುವುದೂ ನಿಜ. ಮನೆ ಉಣಕಲ್ಲಿನ ಹಳೇ ಓಣಿಯದು. ಅಡುಗೆಮನೆಯ ಕೆಳಗೆ ಅಜ್ಜನ ಕಾಲದಲ್ಲಿ ಜೋಳ ತುಂಬುತ್ತಿದ್ದ ಹಗೇವು. “ಹಗೇವಿನ್ಯಾಗ ಕೆರಿ ನೀರು ಜಿನುಗ್ಲಿಕತ್ತದ, ಒಂದೀಟು ಇಳದು ನೋಡೋ,” ಎಂದು ಕಾಶೀಬಾಯಿ ವರ್ಷಗಟ್ಟಲೆ ಹೇಳಿದ್ದಳು. “ಗವಿಗೆ ಹೋಗೂದದ ಅವ್ವಾ, ಪುರಸೊತ್ತಿಲ್ಲ,” ಎಂದು ಮಗ ಹಗ್ಗ, ಟಾರ್ಚು ಹೊತ್ತು ಹೊರಟುಬಿಡುತ್ತಿದ್ದ. ಮೂರು ವರ್ಷದ ಹಿಂದೆ ಆಕೆ ಹೇಳುವುದು ಬಿಟ್ಟು, ಕೂಲಿಯ ಬಸಣ್ಣನನ್ನು ಇಳಿಸಿ ಕೆಲಸ ಮುಗಿಸಿಕೊಂಡಳು. ಅವಳಿಗೆ ಅವಳ ದೇವರು, ಅವಳ ರಂಗೋಲಿ. ಅವಳ ರಂಗೋಲಿ ಅಂಗಡಿಯದರಂತೆ ಗಾಳಿಗೆ ಹಾರುವುದಿಲ್ಲವೆಂದು ಓಣಿಯ ಹೆಂಗಸರು ಬಟ್ಟಲು ಹಿಡಿದು ಬರುತ್ತಿದ್ದರು.

“ಯಾರೂ ಉಸಿರು ಬಿಡಬ್ಯಾಡ್ರಿ!” ಎಂದು ವಿಜಯೀಂದ್ರ ಅಂಗಳದಲ್ಲಿ ಬೋರಲು ಮಲಗಿದ. ಶಂಭುಲಿಂಗ ಮೂಗು ಮುಚ್ಚಿಕೊಂಡ. ಕರಿ ಛತ್ರಿ ಬಿಚ್ಚಿ ಹಾಸಿದರು. ಗಾಜು ಬಿದ್ದಲ್ಲಿಂದ ಕುಂಚದ ತುದಿಯಲ್ಲಿ ಒಂದು ಚಿಟಿಕೆ ಎತ್ತಿ ಛತ್ರಿಯ ಮೇಲೆ ಉದುರಿಸಿ ಭೂತಗನ್ನಡಿ ಹಿಡಿದ.

“ಸಿಕ್ತು!”

ಮೊದಲ ಚಿಟಿಕೆಯಲ್ಲೇ! ಶಂಭುಲಿಂಗ ಕನ್ನಡಿ ಕಸಿದು ನೋಡಿದ. “ಮೂರೂವರಿ ಸುತ್ತು. ಹಲ್ಲೂ ಐತಿ. ಖರೇನ ಹುಳಾರೀ ಸರ್, ನಂದ ತಪ್ಪಾತು.” ಇಬ್ಬರೂ ಅಪ್ಪಿಕೊಂಡರು. ವಿಜಯೀಂದ್ರ ಅದನ್ನು ಅವ್ವನ ಕುಂಕುಮದ ಖಾಲಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ಆ ಕ್ಷಣ ಅವನಷ್ಟು ಸುಖಿ ಧಾರವಾಡ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ.

ಶಂಭುಲಿಂಗ ಮಾತ್ರ ಇನ್ನೂ ಛತ್ರಿಯ ಮೇಲೆ ಬಗ್ಗಿದ್ದ.

“ಸರ್, ಡಬ್ಬಿ ಒಳಗ ಹಾಕಿದ್ದು ಯಾವುದ್ರಿ?”

“ಯಾಕ?”

“ಇಲ್ಲಿ ಇನ್ನೊಂದೈತಿ.”

ವಿಜಯೀಂದ್ರ ನೋಡಿದ. ಇತ್ತು. ಅದರ ಪಕ್ಕ ಮತ್ತೊಂದು. ಗಾಜು ಬೀಳದ ಕಡೆ, ತುಳಸಿಕಟ್ಟೆಯ ಬಳಿಯಿಂದ ಚಿಟಿಕೆ ತಂದ. ನಲವತ್ತರವರೆಗೆ ಎಣಿಸಿ ಕನ್ನಡಿ ಕೆಳಗಿಟ್ಟ. ಕತ್ತೆತ್ತಿದರೆ ಓಣಿಯ ಎಂಟೂ ಬಾಗಿಲ ಮುಂದೆ ರಂಗೋಲಿ ಬೆಳ್ಳಗೆ ಹೊಳೆಯುತ್ತಿತ್ತು. ಅವನ ಕಣ್ಣಲ್ಲಿ ನೀರು ಬಂತು.

“ಇಷ್ಟಕ್ಕ ಯಾಕ ಅಳತೀಯೋ ಹುಚ್ಚಾ, ಮತ್ತ ಹಾಕ್ತೇನಿ,” ಎಂದಳು ಕಾಶೀಬಾಯಿ, ಕೆಟ್ಟುಹೋದ ರಂಗೋಲಿ ನೋಡುತ್ತ. “ಈ ಬಿಳಿ ಉಸುಕು ಹಗೇವಿನ್ಯಾಗ ಇನ್ನೂ ಎರಡು ಚೀಲ ಆಗೂವಷ್ಟು ಅದ.”