ಮೋರಿಯ ಮುಚ್ಚಳ

"ಅತ್ತೆ, ಸೀಟಿನ ಹಿಂದೆ ಮೋರಿ ಮುಚ್ಚೋ ಇನ್ನೊಂದು ರಬ್ಬರ್ ಚಾಪೆ ಇದೆ, ಬೇಗ ಕೊಡಿ!" ಸೊಸೆ ನೀರು ಚಿಮ್ಮಿಸಿ ತೊಳೆಯುವ ಪ್ರೆಷರ್ ಗನ್ ಕೆಳಗಿಟ್ಟು ವ್ಯಾನಿನತ್ತ ಕೂಗಿದಳು. ಬಸ್ ಡಿಪೋದ ಅಂಗಳದ ಹಳೇ ಜಿಡ್ಡು ಕಿತ್ತು ಬಂದದ್ದೇ, ಅದರಡಿ ಯಾರಿಗೂ ಗೊತ್ತಿರದ ಎರಡನೇ ಮೋರಿ ಬಾಯಿ ತೆರೆದಿತ್ತು. ಅದು ಸೇರುವುದು ನೇರ ಕೆರೆಗೆ. ಒಂದು ಹನಿ ಎಣ್ಣೆನೀರು ಒಳಗೆ ಹೋದರೂ ನಾಳೆಯಿಂದ ಬರಬೇಡಿ ಎಂದಿದ್ದ ಮ್ಯಾನೇಜರು ಮೆಟ್ಟಿಲ ಮೇಲೆಯೇ ನಿಂತಿದ್ದರು. ಕಪ್ಪು ನೀರು ಇಳಿಜಾರು ಹಿಡಿದು ಓಡಿ ಬರುತ್ತಿತ್ತು.

"ಆ ಗಲೀಜು ಚಾಪೇನಾ? ನಿನ್ನೆ ಸೋಪು ಹಾಕಿ ತಿಕ್ಕಿ, ಮನೇಲಿ ಒಣಗೋಕೆ ಹಾಕಿದ್ದೀನಲ್ಲ!" ಎಂದರು ಕಣ್ಣಾಸ್ಪತ್ರೆಗೆಂದು ಹೊರಟು ವ್ಯಾನಿನಲ್ಲಿ ಕೂತಿದ್ದ ಅತ್ತೆ. ತೊಳೆದ ನೀರನ್ನೇ ಮತ್ತೆ ಹೀರಿ ವ್ಯಾನಿನ ಟ್ಯಾಂಕಿಗೆ ತುಂಬಿಕೊಳ್ಳುವ ಸೊಸೆಯ ಕೆಲಸವೆಂದರೆ ಅವರ ಪಾಲಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. "ಹೋದ್ರೆ ಹೋಗ್ಲಿ ಬಿಡು. ನಿನ್ನ ಕೊಳಕು ನೀರು ಯಾರಿಗೆ ಬೇಕು?"

ಸೊಸೆ ಮೈಮೇಲಿನ ರೇನ್‌ಕೋಟ್ ಕಿತ್ತು ಮೋರಿಯ ಮೇಲೆ ಹಾಸಿ, ಮಂಡಿಯೂರಿ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಈ ಅಂಚು ಒತ್ತಿದರೆ ಆ ಅಂಚು ಏಳುತ್ತಿತ್ತು. ನೀರು ಹೀರುವ ಪೈಪು ಪಕ್ಕದಲ್ಲೇ ಗುರುಗುಟ್ಟುತ್ತಿದ್ದರೂ ಅದನ್ನು ಹಿಡಿಯಲು ಮೂರನೇ ಕೈ ಇರಲಿಲ್ಲ. ಅಷ್ಟರಲ್ಲಿ ವ್ಯಾನಿನ ಬಾಗಿಲು ಧಡಾರೆಂದಿತು. ಅತ್ತೆ ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ದಡದಡ ಓಡಿ ಬಂದು, ರೇನ್‌ಕೋಟಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟು ಕುಕ್ಕರಿಸಿದರು. ನೀರು ಅವರಿಗೆ ಬಡಿದು ಅಲ್ಲೇ ಮಡುಗಟ್ಟಿತು.

"ಏನೇ ಬಾಯಿ ಬಿಟ್ಕೊಂಡು ನೋಡ್ತೀಯ? ಎಳಿ ಆ ಪೈಪು!" ಎಂದು ಅತ್ತೆ ಡಿಪೋ ಅದುರುವಂತೆ ಕೂಗಿದರು. "ನಮ್ಮ ನೀರು ಅದು, ಒಂದು ಹನೀನೂ ಬಿಡಬೇಡ!"