ಫ್ಲಾಸ್ಕಿನೊಳಗಿನ ಇಡ್ವಾಲ್

ನೆಸ್ತಾ ಚೀಲದಿಂದ ಫ್ಲಾಸ್ಕ್ ತೆಗೆದದ್ದೇ ತಡ, ಬರ್ಮಿಂಗ್‌ಹ್ಯಾಮಿನಿಂದ ಬಂದಿದ್ದ ಗಡ್ಡದವನು ಲೋಟ ಚಾಚಿದ.

"ಚಹಾ ಅಲ್ಲಪ್ಪ ಇದು," ಅಂದಳು ನೆಸ್ತಾ. "ನನ್ನ ಗಂಡ."

ಲೋಟ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಬದುಕಿದ್ದಾಗ ಆ ಫ್ಲಾಸ್ಕಿನಿಂದ ಯಾರಿಗೂ ಒಂದು ಗುಟುಕು ಕೊಡದ ಇಡ್ವಾಲ್ ಈಗ ಬೂದಿಯಾಗಿ ಪೂರ್ತಿ ಬಗ್ಗಿಸಿಕೊಳ್ಳಲು ಬಂದಿದ್ದಾನೆ ಎಂದು ಅವನ ಹಳೆಯ ಗೆಳೆಯ ಗೆಥಿನ್ ನಗಿಸಲು ನೋಡಿದ. ನಗಲು ಅಲ್ಲಿ ಯಾರಿಗೆ ಪುರಸೊತ್ತು? ವೇಲ್ಸಿನ ಆ ಬೋಳು ಗುಡ್ಡದ ಅಂಚಿನಲ್ಲಿ ಹತ್ತು ಹನ್ನೆರಡು ಗಂಡಸರು ತೊಡೆಗಾತ್ರದ ಕ್ಯಾಮೆರಾ ಲೆನ್ಸುಗಳನ್ನು ಹಸುಗೂಸಿನಂತೆ ಅವುಚಿಕೊಂಡು ಕಣಿವೆಯ ಬಾಯನ್ನೇ ನೋಡುತ್ತಿದ್ದರು. ತಾಲೀಮಿಗೆ ಬರುವ ಯುದ್ಧವಿಮಾನ ಅಲ್ಲಿಂದ ನುಗ್ಗಿ ಇವರ ಕಾಲ ಕೆಳಗೇ ಹಾದುಹೋಗುತ್ತದೆ. ಎಷ್ಟು ಹತ್ತಿರವೆಂದರೆ, ಒಮ್ಮೆ ಇಡ್ವಾಲನ ಕೈಯಲ್ಲಿದ್ದ ಒಣದ್ರಾಕ್ಷಿಯ ಬಾರಾ ಬ್ರಿಥ್ ಬ್ರೆಡ್ಡಿನ ತುಂಡು ಕಂಡು ಪೈಲಟ್ ತುಟಿ ಸವರಿಕೊಂಡನಂತೆ. ಇಡ್ವಾಲ್ ಆಣೆಯಿಟ್ಟು ಹೇಳುತ್ತಿದ್ದ. ಮುಂದಿನ ಕ್ರಿಸ್‌ಮಸ್ ಹೊತ್ತಿಗೆ ಅವನ ಕಥೆಯಲ್ಲಿ ಅದೇ ಪೈಲಟ್ ಕೈ ಚಾಚಿ ಅರ್ಧ ಮುರಿದುಕೊಂಡೂ ಹೋಗಿದ್ದ.

ಮೂವತ್ತು ವರ್ಷ ಅವನ ರಜೆಯೆಲ್ಲ ಈ ಗುಡ್ಡಕ್ಕೇ ಸಂದಿತ್ತು. ಮಗಳ ಹೆರಿಗೆಯಿರಲಿ, ಅತ್ತೆಯ ಮಣ್ಣಿರಲಿ, ನೆಸ್ತಾಳಿಗೆ ಸಿಗುತ್ತಿದ್ದ ಉತ್ತರ ಒಂದೇ, ಇವತ್ತು ಮೋಡ ಇಲ್ಲ ಕಣೇ ಅಂತ. ಮನೆಯ ಗೋಡೆ ತುಂಬ ವಿಮಾನ; ಕ್ಯಾಮೆರಾ ಹಿಂದೆ ನಿಂತವನ ಮುಖ ಮಾತ್ರ ಎಲ್ಲೂ ಇಲ್ಲ. ಚಾಪೆಲಿನಲ್ಲಿ ಶವಪೆಟ್ಟಿಗೆಯ ಪಕ್ಕ ಇಡಲು ಒಂದು ಫೋಟೋ ಬೇಕೆಂದಾಗ ನೆಸ್ತಾ ಮನೆಯೆಲ್ಲ ತಡಕಾಡಿ, ಕೊನೆಗೆ ಅವನ ಬಸ್ ಪಾಸಿನಲ್ಲಿದ್ದುದನ್ನೇ ದೊಡ್ಡದು ಮಾಡಿಸಿದ್ದಳು. ಅದರಲ್ಲಿ ಅವನು ಆಗಲೇ ಸತ್ತವನ ಹಾಗೆ ಕಾಣುತ್ತಿದ್ದ.

ವಿಮಾನ ಹಾಯುವ ಗಳಿಗೆಯಲ್ಲೇ ತನ್ನನ್ನು ಗಾಳಿಗೆ ಬಿಡಬೇಕೆಂಬುದು ಇಡ್ವಾಲನ ಕಡೆಯ ಆಸೆ. ನೆಸ್ತಾ ಕೈ ಹಿಡಿದು ಮಾತು ಕೊಟ್ಟಿದ್ದಳು. ಅವಳ ಎರಡೂ ಮಂಡಿ ಕೈಕೊಟ್ಟಿದ್ದವು; ಎರಡು ಕೋಲೂರಿ ಕೂತು ಎದ್ದು ಹೇಗೋ ಹತ್ತಿ ಬಂದಿದ್ದಳು. ಇನ್ನೊಮ್ಮೆ ಹತ್ತುವುದು ಈ ಜನ್ಮದಲ್ಲಿಲ್ಲ. ಹಾಗಾಗಿ ಇವತ್ತು ಆದರೆ ಆಯಿತು, ಇಲ್ಲವಾದರೆ ಇಲ್ಲ. ಗಂಡಸರಿಗೆ ಅವಳದು ಒಂದೇ ಕೋರಿಕೆ: ಆ ಒಂದು ವಿಮಾನಕ್ಕೆ ಮಾತ್ರ ಯಾರೂ ಕ್ಯಾಮೆರಾ ಎತ್ತಬಾರದು. ಟೋಪಿ ತೆಗೆದು ಬರಿಗಣ್ಣಿಂದ ನೋಡಬೇಕು, ಅಷ್ಟೇ. ಎಲ್ಲರೂ ಒಪ್ಪಿದರು. ಗೆಥಿನ್ ಅಂತೂ ಎದೆ ಮುಟ್ಟಿಕೊಂಡು, ಇಡ್ವಾಲ್‌ಗಾಗಿ ಒಂದಲ್ಲ, ನೂರು ವಿಮಾನ ಬಿಟ್ಟೇನು ಎಂದ. ಅವತ್ತು ಬೆಳಗಿನಿಂದ ಒಂದೂ ಬಂದಿರಲಿಲ್ಲ, ಔದಾರ್ಯ ಸುಲಭವಾಗಿತ್ತು.

ಕಾದರು. ನೆಸ್ತಾ ಕಟ್ಟಿ ತಂದಿದ್ದ ಬಾರಾ ಬ್ರಿಥನ್ನು ಸತ್ತವನನ್ನು ಹೊಗಳುತ್ತ ಚೂರೂ ಬಿಡದೆ ತಿಂದು ಮುಗಿಸಿದರು. ಅಷ್ಟರಲ್ಲಿ ಎದುರಿನ ಕಾದರ್ ಇದ್ರಿಸ್ ಬೆಟ್ಟ ತಲೆಗೆ ಮೋಡದ ಮುಸುಕೆಳೆದುಕೊಂಡಿತು. ಮೋಡ ಇನ್ನಷ್ಟು ಇಳಿದರೆ ವಿಮಾನ ಕಣಿವೆಗೆ ಬರುವುದಿಲ್ಲ. ನೆಸ್ತಾ ಫ್ಲಾಸ್ಕನ್ನು ಕೋಟಿನೊಳಗೆ ಸೇರಿಸಿಕೊಂಡಳು, ಒಳಗಿದ್ದವನಿಗೆ ಚಳಿಯಾದೀತೆಂಬಂತೆ.

"ನನ್ನ ಹತ್ರ ಬಿಟ್ಟು ಹೋಗು ನೆಸ್ತಾ," ಅಂದ ಗೆಥಿನ್. "ಇನ್ನೊಂದಿನ ಬಿಸಿಲಿದ್ದಾಗ ನಾನೇ ಬಿಡ್ತೀನಿ."

"ಯಾವ ಕೈಲಿ ಬಿಡ್ತೀಯ? ನಿನ್ನ ಎರಡೂ ಕೈ ಕ್ಯಾಮೆರಾ ಮೇಲಿರತ್ತಲ್ಲ."

ಗೆಥಿನ್ ನೊಂದುಕೊಂಡ. ಎದೆ ಮುಟ್ಟಿ ಕೊಟ್ಟ ಮಾತಿಗೂ ಬೆಲೆಯಿಲ್ಲವೇ ಎಂದು ಗೊಣಗಿದ.

ಆಗಲೇ ಕೆಳಗಿನ ದಿಣ್ಣೆಯಲ್ಲಿ ನಿಂತವರು ಕೂಗು ಹಾಕಿದರು. ನೆಸ್ತಾ ಕೋಲು ಬಿಸಾಕಿ, ಅಂಚಿಗೆ ಹೋಗಿ, ಮುಚ್ಚಳ ತಿರುವಿದಳು. ಕಣಿವೆಯ ಬಾಯಲ್ಲಿ ಒಂದಲ್ಲ, ಎರಡು ವಿಮಾನ, ರೆಕ್ಕೆಗೆ ರೆಕ್ಕೆ ತಾಗುವ ಹಾಗೆ. ಗಂಡಸರು ಟೋಪಿ ತೆಗೆದರು, ಅದರಲ್ಲಿ ಸುಳ್ಳಿಲ್ಲ. ತೆಗೆದ ಟೋಪಿಯನ್ನು ಹಲ್ಲಲ್ಲಿ ಕಚ್ಚಿಕೊಂಡರು, ಕೈ ಬೇಕಿತ್ತಲ್ಲ. ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಬೆನ್ನ ಹಿಂದೆ ಕ್ಯಾಮೆರಾಗಳು ಪಟಪಟ ಬಡಿದುಕೊಂಡದ್ದು ನೆಸ್ತಾಳಿಗೆ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಫ್ಲಾಸ್ಕ್ ಬಗ್ಗಿಸಿದಳು. ಕೆಳಗಿಂದ ಎದ್ದ ಗಾಳಿ ಇಡ್ವಾಲನನ್ನು ಎತ್ತಿ ಮೇಲಕ್ಕೆ ಹಾರಿಸಿತು. ಆಮೇಲೆ ಸದ್ದು ಬಂತು, ಗುಡ್ಡವೇ ಹರಿದುಹೋದಂತೆ. ಕುರಿಗಳು ತಲೆ ಎತ್ತದೆ ಮೇಯುತ್ತಿದ್ದವು.

"ಥತ್," ಅಂದ ಗೆಥಿನ್. ಕ್ಯಾಮೆರಾದ ಪರದೆ ನೋಡುತ್ತಿದ್ದವನಿಗೆ ಹಲ್ಲಿನಿಂದ ಟೋಪಿ ಬಿದ್ದುದು ಗೊತ್ತಾಗಲಿಲ್ಲ. "ಜನ್ಮಕ್ಕೊಂದ್ಸಲ ಸಿಗೋ ಚಿತ್ರ. ಪೈಲಟ್ ನಮ್ಮ ಕಡೆಗೇ ಕೈ ಬೀಸ್ತಿದಾನೆ, ನೋಡಿಲ್ಲಿ. ಅವನ ಮುಂದೆ ಅದೇನೋ ಬೂದುಬೂದಾಗಿ ಅಡ್ಡ ಬಂದಿದೆ. ಎಲ್ಲಾ ಹಾಳಾಯ್ತು."

ಅಳಿಸುವ ಗುಂಡಿಯ ಮೇಲೆ ಅವನ ಹೆಬ್ಬೆರಳು ಆಗಲೇ ಕೂತಿತ್ತು. ನೆಸ್ತಾ ಕನ್ನಡಕ ಹಾಕಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಆ ಹೆಬ್ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಇರ್ಲಿ ಬಿಡು," ಅಂದಳು. "ಬಸ್ ಪಾಸಿನದಕ್ಕಿಂತ ಚೆನ್ನಾಗಿ ಬಿದ್ದಿದಾನೆ."