ಮೋಡೆಮಿನ ಕೊನೆಯ ದಿನ

ಗ್ರಾಂಟ್ ರೋಡಿನ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರಿನ ಪರದೆ ಹಿರಿಯಣ್ಣನ ಪರದೆಯ ಮೇಲೆ ತಡೆತಡೆದು ಮೂಡುತ್ತಿತ್ತು. ಊರಿನ ಇನ್ನೊಂದು ತುದಿಯ ಕಾಂದಿವಲಿಯ ಆಫೀಸಿನಲ್ಲಿ ಕುಳಿತೇ ಅದರ ರಿಪೇರಿ ಮಾಡುವುದು ಅವನ ಕೆಲಸ. ಆ ನೆಲಮಾಳಿಗೆಗೆ ಮೊಬೈಲ್ ಸಿಗ್ನಲ್ ಸುಳಿಯದು. ಇರುವುದು ಒಂದು ಮುದಿ ಮೋಡೆಮು, ಒಂದೇ ಲ್ಯಾಂಡ್‌ಲೈನು. ಮೋಡೆಮು ಲೈನು ಹಿಡಿದಿರುವಷ್ಟು ಹೊತ್ತು ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಹಾಗಾಗಿ ಅಲ್ಲಿ ಕೂರುವ ಶಾಮಲಾ ಮತ್ತು ಇವನು ಅದೇ ಪರದೆಯ ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ ಮಾತಾಡಿಕೊಳ್ಳುತ್ತಿದ್ದರು.

‘ನಾಳೆಯಿಂದ ಫೈಬರ್ ಲೈನ್ ಅಂತೆ, ರಿಪೇರಿನೂ ಅವರದೇ. ನಿಮ್ಮ ಕಾಂಟ್ರಾಕ್ಟ್ ಬಂದ್’ ಎಂದು ಆಕೆ ಬರೆದದ್ದು ಕಾಣಿಸಿತು. ಆಮೇಲೆ ಪರದೆ ಮಿಸುಕಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಹಿರಿಯಣ್ಣ ಎದುರು ನೋಡುತ್ತಿದ್ದ ಮಾತೆಂದರೆ ಈ ನೋಟ್‌ಪ್ಯಾಡಿನದೊಂದೇ. ಶಾಮಲಾಳ ಗಂಡ ತೀರಿಕೊಂಡೂ ಬಹಳ ವರ್ಷವಾಗಿತ್ತು. ಇಬ್ಬರೂ ಐವತ್ತು ದಾಟಿದ್ದರು. ಸಂಕೋಚವನ್ನು ಮಾತ್ರ ದಾಟಿರಲಿಲ್ಲ.

ಹೇಗೂ ಲೈನು ಸತ್ತಿದೆ, ಯಾರು ನೋಡುತ್ತಾರೆ ಎಂಬ ಧೈರ್ಯದಲ್ಲಿ ಅವನು ಟೈಪ್ ಮಾಡಿದ: ‘ಫೈಬರ್ ಬಂದ್ರೆ ಬರ್ಲಿ. ನೀವಿಲ್ದೆ ನಂಗೆ ಆಗಲ್ಲ. ಮದುವೆ ಆಗೋಣ್ವಾ?’ ಬರೆದ ಮೇಲೆ ಮನಸ್ಸು ಹಗುರಾಯಿತು. ಆರಿದ ಚಹಾವನ್ನೂ ಖುಷಿಯಿಂದ ಕುಡಿದ.

ಆಗ ಪರದೆ ಅಲುಗಾಡಿತು. ‘ಫೈ’ ಬಂತು. ‘ಫೈಬರ್’ ಬಂತು. ಲೈನು ಸತ್ತಿರಲಿಲ್ಲ, ತೂಕಡಿಸುತ್ತಿತ್ತು ಅಷ್ಟೇ. ಅವನು ಒತ್ತಿದ್ದೆಲ್ಲ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದಿನ ಜನರಂತೆ ಸಾಲುಗಟ್ಟಿ ಕಾದಿತ್ತು. ಹಿರಿಯಣ್ಣ ಗಾಬರಿಯಾಗಿ ಬ್ಯಾಕ್‌ಸ್ಪೇಸ್ ಕುಟ್ಟಿದ, ಕುಟ್ಟುತ್ತಲೇ ಇದ್ದ. ಅದಕ್ಕೂ ಅದೇ ಸಾಲಿನ ಕೊನೆಯಲ್ಲೇ ಜಾಗ. ಮಾನ ಮರ್ಯಾದೆಯ ಮಾತೆಲ್ಲ ಶಾಮಲಾಳ ಕಣ್ಣೆದುರು ಒಂದೊಂದೇ ಅಕ್ಷರವಾಗಿ ಮೆರವಣಿಗೆ ಹೊರಟಿತು. ‘ಆಗೋಣ್ವಾ?’ ಪೂರ್ತಿ ಬಂದ ಮೇಲೆಯೇ ಅಳಿಸುವ ಸರದಿ ಶುರುವಾದದ್ದು. ಪ್ರಶ್ನೆಯ ಗುರುತು ಹೋಯಿತು. ‘ಆಗೋಣ್ವಾ’ ಹೋಯಿತು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಸಂಪರ್ಕ ಕಡಿದಿತ್ತು.

ಎಲ್ಲ ಕೆಟ್ಟಿತು ಎಂದು ಅವನು ತಲೆಯ ಮೇಲೆ ಕೈ ಹೊತ್ತ. ಕೂಡಲೇ ಫೋನು ಬಡಿದುಕೊಂಡಿತು. ಅದೇ ಗ್ರಾಂಟ್ ರೋಡಿನ ನಂಬರು.

“ಶಾಮಲಾ ಅವರೇ, ಸಾರಿ... ಲೈನು ಕಟ್ ಆಗ್ಬಿಡ್ತು,” ಎಂದು ತೊದಲಿದ.

“ಕಟ್ ಆಗ್ಲಿಲ್ಲ ರೀ, ನಾನೇ ವೈರ್ ಕಿತ್ತೆ,” ಎಂದಳು ಶಾಮಲಾ. “ನೀವು ಅಳಿಸ್ತಾ ಅಳಿಸ್ತಾ ‘ಮದುವೆ’ ತನಕ ಬಂದ್ಬಿಟ್ಟಿದ್ರಿ.”